ಎರಡು ಬೆರಳಿನ ಓರೆ

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಕಿಟಕಿಯಿಂದ ಹೊರಗೆ ನೋಡಿದಾಗ ಗಾಡಿ ಇನ್ನೂ ಓರೆಯಾಗಿಯೇ ನಿಂತಿತ್ತು. ಬೆಳಗಾಗುವುದರೊಳಗೆ ಅದು ತಾನಾಗಿ ನೆಟ್ಟಗಾಗಬಹುದೆಂದು ತಾನು ಯಾಕೆ ಎಣಿಸಿದ್ದೆ ಎಂದು ಅವನಿಗೇ ನಾಚಿಕೆಯಾಯಿತು. ಉಳುಕಿದ ಕಾಲಾಗಿದ್ದರೆ ಹಾಗೆ ಎಣಿಸುವುದರಲ್ಲಿ ಅರ್ಥವಿತ್ತು. ಬಲಗಡೆ ಸ್ವಲ್ಪ ಎದ್ದು, ಎಡಗಡೆ ಸ್ವಲ್ಪ ಇಳಿದು, ತಲೆ ವಾಲಿಸಿ ನಂಬಿಕೆಯಿಲ್ಲದೆ ಮಾತು ಕೇಳುವ ಹಿರಿಯರ ಹಾಗೆ ಅದು ಮನೆಯ ಕಡೆಗೇ ನೋಡುತ್ತಿತ್ತು. ಅವನು ಎಡಗಣ್ಣು ಮುಚ್ಚಿ ನೋಡಿದ. ಓರೆ. ಬಲಗಣ್ಣು ಮುಚ್ಚಿ ನೋಡಿದ. ಓರೆ. ಎರಡನ್ನೂ ಮುಚ್ಚಿದಾಗ ಮಾತ್ರ ಸಮಾಧಾನವಾಯಿತು, ಆದರೆ ಹಾಗೆಯೇ ನಿಂತಿರುವಂತಿರಲಿಲ್ಲ, ಬಾಯಲ್ಲಿ ನೊರೆ ತುಂಬಿತ್ತು. ಮೂವತ್ತು ವರ್ಷದಿಂದ ಚಿತ್ರಗಳಿಗೆ ಚೌಕಟ್ಟು ಹಾಕಿ, ಜನರ ಮನೆಗೆ ಹೋಗಿ ಮೊಳೆ ಹೊಡೆದು, ಹತ್ತು ಹೆಜ್ಜೆ ಹಿಂದೆ ಸರಿದು, ಎಡಗಣ್ಣು ಮುಚ್ಚಿ, 'ಬಲಗಡೆ ಒಂದು ಅಕ್ಕಿಕಾಳಿನಷ್ಟು ಮೇಲೆ' ಎಂದು ತನಗೆ ತಾನೇ ಹೇಳಿಕೊಂಡು ಸರಿಮಾಡುತ್ತ ಬಂದವನು ಅವನು. ಪೇಟೆಯಲ್ಲಿ ಎಲ್ಲರೂ ಅವನನ್ನು ಚೌಕಟ್ಟಿನವನು ಎಂದೇ ಕರೆಯುತ್ತಿದ್ದರು. ಅವನಲ್ಲಿ ಬೇರೆ ಆಸ್ತಿ ಇರಲಿಲ್ಲ, ಕಣ್ಣೇ ಆಸ್ತಿ. ಆ ಕಣ್ಣಿನಿಂದಲೇ ನಾಲ್ಕು ದಿನದ ಹಿಂದೆ ಈ ಹಳೆಯ ಪಿಕಪ್ಪನ್ನು ನೋಡಿ, ಸುತ್ತ ಎರಡು ಬಾರಿ ತಿರುಗಿ, 'ಚೆನ್ನಾಗಿದೆ' ಎಂದು ಹೇಳಿ ಮನೆಗೆ ತಂದಿದ್ದ. ತಂದು ನಿಲ್ಲಿಸಿ, ಇಳಿದು, ತಿರುಗಿ ನೋಡಿದರೆ ಓರೆ.

ಗಾಡಿಯ ಓರೆಯಷ್ಟೇ ಆಗಿದ್ದರೆ ಅವನು ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿದ್ದ. ಆದರೆ ಎರಡು ವಾರದ ಹಿಂದೆ ಹಲ್ಲಿನ ಡಾಕ್ಟರಮ್ಮನ ಕಾಯುವ ಕೋಣೆಯಲ್ಲಿ ಹಡಗಿನ ಚಿತ್ರವೊಂದನ್ನು ತೂಗುಹಾಕಿ ಹಿಂದೆ ಸರಿದು ನಿಂತಾಗ ಆಕೆ ಕೈಗವಸು ಕಳಚುತ್ತ ಬಂದು, 'ಸ್ವಲ್ಪ ಓರೆ ಇದೆ ಅಲ್ವಾ?' ಎಂದಿದ್ದರು. ಇರಲಿಲ್ಲ. ಇರಲಿಲ್ಲ ಎಂದು ಅವನ ಕಣ್ಣಿಗೆ ಖಚಿತವಾಗಿತ್ತು. ಆದರೆ ಬಾಯಿ, 'ಹೌದು ಹೌದು, ಒಂಚೂರು' ಎಂದಿತು. ಕೈ ಹೋಗಿ ಹಡಗಿನ ಒಂದು ಮೂಲೆಯನ್ನು ಕೆಳಗೆ ಎಳೆಯಿತು. ಆಕೆ, 'ಈಗ ಸರಿಯಾಯ್ತು ನೋಡಿ' ಎಂದರು. ಈಗಲೂ ಅದು ಅಲ್ಲಿ ಮುಳುಗುತ್ತಿರುವ ಹಡಗಿನ ಹಾಗೆ ತೂಗುತ್ತಿದೆ, ಹಲ್ಲುನೋವಿನವರೆಲ್ಲ ಅದನ್ನು ನೋಡುತ್ತ ಕೂತಿದ್ದಾರೆ, ಚೌಕಟ್ಟಿನ ಹಿಂದೆ ಅವನ ಅಂಗಡಿಯ ಚೀಟಿ ಅಂಟಿಕೊಂಡಿದೆ. ದಿನವಿಡೀ ಬಗ್ಗಿ ಬಾಯೊಳಗೆ ಇಣುಕುವವರಿಗೆ ಲೋಕವೇ ಓರೆಯಾಗಿ ಕಂಡರೆ ಆಶ್ಚರ್ಯವೇನು ಎಂದು ಮೊದಲ ದಿನ ಅವನು ಆಕೆಯ ಮೇಲೆ ತಪ್ಪು ಹಾಕಿದ್ದ. ಎರಡನೆಯ ದಿನ, ತನಗೇ ಐವತ್ತೆರಡಾಯಿತಲ್ಲ ಎಂದುಕೊಂಡ. ಮೂರನೆಯ ದಿನದಿಂದ ಅಂಗಡಿಯಲ್ಲಿ ಎಲ್ಲವನ್ನೂ ಎರಡೆರಡು ಸಲ ಅಳೆಯತೊಡಗಿದ. ನಾಳೆ ಸೋಮವಾರ ನೃತ್ಯಶಾಲೆಯ ಗೋಡೆಗೆ ಕನ್ನಡಿ ಕೂರಿಸಬೇಕು. ಅವನ ಜೀವನದಲ್ಲೇ ದೊಡ್ಡ ಕನ್ನಡಿ, ಎರಡಾಳು ಉದ್ದ, ಒಂದಾಳು ಎತ್ತರ. ಅದನ್ನು ಸಾಗಿಸುವುದಕ್ಕೆಂದೇ ಈ ಗಾಡಿ. ಆ ಕನ್ನಡಿ ಓರೆಯಾದರೆ ಅದರೆದುರು ನಿಂತ ಅಷ್ಟೂ ಜನ ಓರೆಯಾಗುತ್ತಾರೆ. ಕಣ್ಣು ಹೋಗಿದ್ದರೆ ನಾಳೆ ಗೊತ್ತಾಗುತ್ತದೆ, ಆಮೇಲೆ ಅಂಗಡಿ ಮುಚ್ಚುವುದೊಂದೇ ಬಾಕಿ.

'ಎಷ್ಟು ಹೊತ್ತು ಉಜ್ಜುತ್ತೀರಿ? ಹಲ್ಲು ಉಳಿಸ್ಕೊಳ್ಳಿ' ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಅವಳಿಗೆ ಭಾನುವಾರವಿಲ್ಲ. ಕಿಟಕಿಯ ಕೆಳಗೆ ಯಂತ್ರ, ಯಂತ್ರದ ಪಕ್ಕ ಊರವರ ರವಿಕೆ, ಲಂಗ, ಶಾಲೆಯ ಸಮವಸ್ತ್ರ. ಮಾತಾಡುವಾಗ ಅವಳ ತುಟಿಯ ನಡುವೆ ಎರಡು ಗುಂಡುಸೂಜಿ ಇರುತ್ತಿದ್ದುದರಿಂದ ಅವಳ ಮಾತಿಗೆ ಒಂದು ಎಚ್ಚರಿಕೆ ಇರುತ್ತಿತ್ತು. ಅವನ ಅಂಗಿಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಒಮ್ಮೆ ಆಸೆಯಿಂದ ಗೆರೆಗೆರೆಯ ರೆಡಿಮೇಡ್ ಅಂಗಿಯೊಂದನ್ನು ತಂದಿದ್ದಕ್ಕೆ, 'ನಿಮಗೆ ಒಗ್ಗಲ್ಲ' ಎಂದು ಅದನ್ನು ಕತ್ತರಿಸಿ ದಿಂಬಿನ ಗವಸು ಮಾಡಿದ್ದಳು. ಈಗ ಅದರ ಮೇಲೆಯೇ ಅವನು ತಲೆಯಿಟ್ಟು ಮಲಗುತ್ತಿದ್ದ. ದರ್ಜಿಗಳಿಗೆ ಇಷ್ಟು ಅಹಂಕಾರ ಇರಬಾರದು ಎಂದು ಅವನಿಗೆ ಅನಿಸಿದ್ದುಂಟು. ಇಸ್ತ್ರಿಯನ್ನೂ ಯಾರಿಗೂ ಬಿಡುತ್ತಿರಲಿಲ್ಲ. 'ತಮ್ಮ ಬರ್ತಾನಂತೆ, ಹತ್ತು ಗಂಟೆಗೆ' ಎಂದು ಅವಳು ಈಗ ಸೂಜಿ ತೆಗೆದು ಹೇಳಿದಳು. 'ಗಾಡಿ ನೋಡ್ಬೇಕಂತೆ.'

ಅವನಿಗೆ ನೊರೆ ಗಂಟಲಿಗಿಳಿದು ಕೆಮ್ಮು ಬಂತು. ಬಾಮೈದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವನಿಗೆ ತಿಳಿಯದ ಗಾಡಿಯಿಲ್ಲ, ಅವನು ಅಭಿಪ್ರಾಯ ಕೊಡದ ವಿಷಯವಿಲ್ಲ. ಮನೆಯ ಕುರ್ಚಿಯಲ್ಲಿ ಕೂತಾಗಲೂ ಅವನ ಪಾದ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಎದುರಿನವರು ಮಾತಿನಲ್ಲಿ ದಾರಿ ತಪ್ಪಿದರೆಂದು ಕಂಡರೆ ಇನ್ನೂ ಗಟ್ಟಿಯಾಗಿ ಒತ್ತುತ್ತಾನೆ. ಗಾಡಿ ಕೊಳ್ಳುವಾಗ ಅವನನ್ನು ಕರೆದುಕೊಂಡು ಹೋಗಿ ಎಂದು ಹೆಂಡತಿ ಹೇಳಿದ್ದಳು. 'ಕೇಳಿದೆ, ಅವನಿಗೆ ಬಿಡುವಿಲ್ಲವಂತೆ' ಎಂದು ಚೌಕಟ್ಟಿನವನು ಹೇಳಿದ್ದ. ಕೇಳಿರಲೇ ಇಲ್ಲ. ಆ ಸುಳ್ಳು ಹೇಳುವಾಗ ತಾನು ಗೋಡೆಯ ಕ್ಯಾಲೆಂಡರನ್ನು ಸರಿಮಾಡುತ್ತಿದ್ದುದು ನೆನಪಾಯಿತು. ಕ್ಯಾಲೆಂಡರ್ ಆಗಲೇ ಸರಿಯಾಗಿತ್ತು.

ಹತ್ತು ಗಂಟೆಗೆ ಇನ್ನೂ ಒಂದೂವರೆ ಗಂಟೆ. ಅಷ್ಟರೊಳಗೆ ಓರೆಯ ಮೂಲ ತಿಳಿದರೆ, ತಿಳಿದದ್ದನ್ನು ಮೊದಲೇ ತಿಳಿದಿದ್ದೆ ಎಂದು ಹೇಳಬಹುದು. ಅವನು ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಗಾಡಿ ತೊಳೆಯುವವನಂತೆ ಹೊರಗೆ ಹೋದ; ಬಕೆಟ್ಟಿನೊಳಗೆ ಅಳತೆಪಟ್ಟಿ ಮತ್ತು ಚಕ್ರದ ಗಾಳಿ ನೋಡುವ ಕೊಳವೆ ಅಡಗಿದ್ದವು. ನೀರಿರಲಿಲ್ಲ. ಎದುರುಮನೆಯ ಅಜ್ಜಿ ಜಗುಲಿಯಲ್ಲಿ ಕೂತು, ನೀರಿಲ್ಲದೆ ಗಾಡಿ ತೊಳೆಯುವವನನ್ನು ಮೊದಲ ಬಾರಿ ಕಂಡವರ ಹಾಗೆ ನೋಡತೊಡಗಿದರು. ಅವನು ನಾಲ್ಕೂ ಚಕ್ರದ ಗಾಳಿ ನೋಡಿದ: ಒಂದೇ. ಟೈರುಗಳ ಅಳತೆ ಓದಿದ: ಒಂದೇ. ಹಿಂದಿನ ತೊಟ್ಟಿಯಲ್ಲಿ ಒಂದು ಕಡೆ ಏನಾದರೂ ಭಾರ ಉಳಿದಿದೆಯೇ ಎಂದು ಹತ್ತಿ ನೋಡಿದ. ಒಂದು ಹಳೆಯ ಗೋಣಿತಾಟು, ಒಂದು ಐಸ್ ಒಡೆಯುವ ಮೊಳೆ. ಮೊಳೆಯನ್ನು ಬಲಗಡೆಯಿಂದ ಎಡಗಡೆಗೆ ಇಡಲು ಹೋಗಿ, ತನ್ನ ಬುದ್ಧಿಗೆ ತಾನೇ ನಕ್ಕ. ಆಮೇಲೆ ಹೊಳೆಯಿತು: ಬೀದಿ! ಮಳೆನೀರು ಹರಿಯಲೆಂದು ಬೀದಿಯನ್ನು ಚರಂಡಿಯ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ, ಗಾಡಿ ನಿಂತದ್ದು ಚರಂಡಿಯ ಪಕ್ಕ, ಅದರ ಎಡಗಡೆ ಚರಂಡಿಯ ಕಡೆಗಿದೆ, ಅಷ್ಟೇ ವಿಷಯ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಗಾಡಿ ಹತ್ತಿ, ಬೀದಿಯ ತುದಿಗೆ ಹೋಗಿ, ತಿರುಗಿಸಿ ತಂದು, ಅದೇ ಜಾಗದಲ್ಲಿ ಮುಖ ಆಚೆ ಮಾಡಿ ನಿಲ್ಲಿಸಿದ. ಬೀದಿಯದೇ ತಪ್ಪಾಗಿದ್ದರೆ ಈಗ ಬಲಗಡೆ ಇಳಿಯಬೇಕು. ಇಳಿದು ನೋಡಿದ. ಬಲಗಡೆ ಎದ್ದೇ ಇತ್ತು. ಓರೆ ಗಾಡಿಯ ಜೊತೆಗೇ ತಿರುಗಿ ಬಂದಿತ್ತು, ಸಾಕಿದ ನಾಯಿಯ ಹಾಗೆ.

'ಏನಪ್ಪ, ಮುಖ ಈ ಕಡೆ ಇದ್ರೆ ಆಗಲ್ವಾ ಅದಕ್ಕೆ?' ಎಂದು ಅಜ್ಜಿ ಕೇಳಿದರು.

'ಬಿಸಿಲು ಬೀಳುತ್ತೆ ಅಜ್ಜಿ' ಎಂದ. ಅಲ್ಲಿ ಬಿಸಿಲು ಇನ್ನೂ ಬಂದಿರಲಿಲ್ಲ. ಅಜ್ಜಿ ಆಕಾಶ ನೋಡಿದರು.

ನೆಲದಿಂದ ಅಳೆದರೆ ನೆಲದ ತಪ್ಪೂ ಅಳತೆಯೊಳಗೆ ಸೇರುತ್ತದೆ, ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್ಗಾರ್ಡಿನ ಅಂಚಿಗೆ ಅಳೆಯಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ; ಓರೆ ಗೋಡೆಗಳ ಮನೆಗಳಲ್ಲಿ ಮೂವತ್ತು ವರ್ಷ ಮೊಳೆ ಹೊಡೆದವನಿಗೆ ಅದು ತಾನಾಗಿ ತಿಳಿಯುತ್ತದೆ. ಹಿಂದಿನ ಚಕ್ರಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮುಂದಿನವು ಬೇರೆ. ಬಲಗಡೆ ಎರಡು ಬೆರಳು ಹೆಚ್ಚು. ಅಳತೆಪಟ್ಟಿಯನ್ನು ನಂಬದೆ ಬೆರಳಿಟ್ಟೇ ನೋಡಿದ. ಎರಡು ಬೆರಳು. ಅಕ್ಕಿಕಾಳಿನಷ್ಟು ಓರೆ ಹಿಡಿಯುವವನ ಕಣ್ಣಿಗೆ ಎರಡು ಬೆರಳು ಕಾಣಲಿಲ್ಲ! ಅವನು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಆ ದಿನವನ್ನು ಮತ್ತೆ ಮತ್ತೆ ನೆನೆದ. ಐಸ್ ಕಾರ್ಖಾನೆಯ ಅಂಗಳ. ಐಸಿನ ಸಾಹುಕಾರರು ಅದೇ ಆಗ ಎಲ್ಲಿಗೋ ಹೋಗಿ ಬಂದು ಗಾಡಿ ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗಿಟ್ಟು, 'ನೋಡ್ಕೊಳ್ಳಿ, ನಿಧಾನವಾಗಿ ನೋಡ್ಕೊಳ್ಳಿ' ಎಂದಿದ್ದರು. ಸಮತಟ್ಟಾದ ಸಿಮೆಂಟು ನೆಲ. ಬೆಳಗಿನ ಬೆಳಕು. ಅವನು ಹತ್ತು ಹೆಜ್ಜೆ ಹಿಂದೆ ಸರಿದು ಎಡಗಣ್ಣು ಮುಚ್ಚಿದ್ದ. ಗಾಡಿ ನೆಟ್ಟಗಿತ್ತು. ಚೌಕಟ್ಟಿನ ಹಾಗೆ ನೆಟ್ಟಗಿತ್ತು. ಜೇಬಿನಲ್ಲಿ ಪುಟ್ಟ ರಸಮಟ್ಟ ಇತ್ತು, ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವಂಥದು. ತೆಗೆದು ಬಾನೆಟ್ಟಿನ ಮೇಲೆ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು, 'ಮನೆಯವರ ಎದುರು ರಸಮಟ್ಟ ತೆಗೀಬೇಡ ಕಣೋ. ಗುಳ್ಳೆ ಜರುಗಿದ್ರೆ ಅವರ ಮನೆ ಮಾನ ಹೋಗುತ್ತೆ. ಕಣ್ಣಲ್ಲಿ ನೋಡು, ಕೈಯಲ್ಲಿ ಸರಿಮಾಡು, ಬಾಯಿ ಮುಚ್ಕೊಂಡಿರು.' ಗೋಡೆಯ ಮಾನ ಕಾಯುವ ಆ ಅಭ್ಯಾಸದಲ್ಲಿ ಅವನು ಗಾಡಿಯ ಮಾನವನ್ನೂ ಕಾದಿದ್ದ. ಈಗ ಹೋಗುತ್ತಿರುವುದು ಯಾರ ಮಾನ?

ಬಾಮೈದ ಹತ್ತಕ್ಕೆ ಹೇಳಿ ಒಂಬತ್ತೂಮುಕ್ಕಾಲಿಗೇ ಬಂದ. ಅವನು ಎಲ್ಲಿಗೂ ಒಬ್ಬನೇ ಬಂದಂತಿರುವುದಿಲ್ಲ, ಅಷ್ಟು ದಪ್ಪ. ನಡೆದರೆ ಬೀದಿ ಸ್ವಲ್ಪ ಕಿರಿದಾಗುತ್ತದೆ. ಬೀದಿಯ ತುದಿಯಲ್ಲಿದ್ದಾಗಲೇ, 'ಏನ್ ಭಾವ, ಗಾಡಿ ಯಾರನ್ನೋ ಮಾತಾಡಿಸ್ತಾ ಇದೆಯಲ್ಲ ಎಡಗಡೆ ಬಗ್ಗಿ!' ಎಂದು ಕೂಗಿದ. ಎದುರುಮನೆಯ ಅಜ್ಜಿ ನಕ್ಕರು. ಒಂದು ಗಂಟೆಗೂ ಹೆಚ್ಚು ಹೊತ್ತು ಅಳತೆಪಟ್ಟಿ ಹಿಡಿದು ಕಂಡುಕೊಂಡದ್ದನ್ನು ಅವನು ಅರವತ್ತು ಹೆಜ್ಜೆ ದೂರದಿಂದ, ನಡೆಯುತ್ತ, ಎರಡೂ ಕಣ್ಣು ತೆರೆದುಕೊಂಡೇ ಕಂಡಿದ್ದ.

'ಗೊತ್ತು' ಎಂದ ಚೌಕಟ್ಟಿನವನು. 'ಮುಂದಿನ ಬಲಗಡೆ ಎರಡು ಬೆರಳು.'

'ಗೊತ್ತಿದ್ದೂ ತಂದ್ರಾ?'

ಈ ಪ್ರಶ್ನೆಗೆ ಎರಡೇ ಉತ್ತರ ಇದ್ದವು, ಒಂದರಲ್ಲಿ ಅವನು ಪೆದ್ದ, ಇನ್ನೊಂದರಲ್ಲಿ ಕುರುಡ. ಯಾವುದನ್ನು ಆರಿಸಿಕೊಳ್ಳಲಿ ಎಂದು ಅವನು ಯೋಚಿಸುತ್ತಿರುವಾಗಲೇ ಹೆಂಡತಿ ಬಾಗಿಲಿಗೆ ಬಂದಳು. ಬಾಮೈದ ಅಕ್ಕನ ಕಡೆ ತಿರುಗಿ, 'ನನ್ನನ್ನ ಒಂದು ಮಾತು ಕರೀಬಾರ್ದಿತ್ತೇನೆ? ಬುಧವಾರ ಇಡೀ ದಿನ ಮನೇಲಿ ಬಿದ್ಕೊಂಡಿದ್ದೆ' ಎಂದ. ಅವಳು ಗಂಡನ ಮುಖ ನೋಡಿದಳು. ತುಟಿಯ ನಡುವೆ ಸೂಜಿ ಇದ್ದವು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವನಿಗೆ ಅನಿಸಿತು. ಮದುವೆಯಾದ ಹೊಸತರಲ್ಲಿ ಅವಳ ಕತ್ತರಿಯನ್ನು ರಟ್ಟು ಕತ್ತರಿಸಲು ಬಳಸಿ ಮೊಂಡು ಮಾಡಿದ್ದಾಗಲೂ ಅವಳು ಹೀಗೇ ಸೂಜಿ ಕಚ್ಚಿಕೊಂಡು ನೋಡಿದ್ದಳು, ಅವನು ಕಿವಿಯವರೆಗೂ ಕೆಂಪಾಗಿ ಹೊಸ ಕತ್ತರಿ ತರಲು ಪೇಟೆಗೆ ಓಡಿದ್ದ, ಇವತ್ತು ಓಡಿಹೋಗಿ ತರುವಂಥದು ಏನೂ ಇರಲಿಲ್ಲ.

ಬಾಮೈದ ಅಂಗಿಯ ತೋಳು ಮಡಚಿ ಗಾಡಿಯ ಕೆಳಗೆ ನುಸುಳಲು ಹೋದ. ತಲೆ ಹೋಯಿತು, ಎದೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಕಾಲುಗಳೆರಡು ಹೊರಗೆ, ಅದರಲ್ಲಿ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. 'ಎಳೀರಿ ಭಾವ' ಎಂಬ ದನಿ ಎಂಜಿನ್ನಿನೊಳಗಿಂದ ಬಂದಂತೆ ಬಂತು. ಅವನು ಎಳೆದ. ಈ ಎಳೆತದಲ್ಲಿ ಅವನಿಗೆ ಸಿಕ್ಕ ಸಣ್ಣ ಸಂತೋಷವನ್ನು ಮುಚ್ಚಿಡುವುದು ಕಷ್ಟವಾಯಿತು. ಆಮೇಲೆ ತಾನೇ ನುಸುಳಿದ. ಐವತ್ತೈದು ಕಿಲೋದ ದೇಹ ಬಾಗಿಲ ಸಂದಿಯ ಪತ್ರದ ಹಾಗೆ ಒಳಗೆ ಹೋಯಿತು. 'ಚಕ್ರದ ಹಿಂದೆ ಬಾಗಿದ ಕಬ್ಬಿಣದ ಪಟ್ಟಿಗಳು ಒಂದರ ಮೇಲೊಂದು ಕಾಣ್ತವಾ? ಗಾಡಿ ಭಾರ ಹೊರೋದು ಅವೇ, ಪ್ಲೇಟ್ ಅಂತೀವಿ. ಯಾವುದಾದ್ರೂ ಮುರಿದಿದೆಯಾ ನೋಡಿ' ಎಂದು ಹೊರಗಿಂದ ಪಾಠ ಶುರುವಾಯಿತು. ಮುರಿದಿರಲಿಲ್ಲ. 'ಬಿರುಕು?' ಇರಲಿಲ್ಲ. 'ನಡುವಿನ ಬೋಲ್ಟು?' ಗಟ್ಟಿಯಾಗಿತ್ತು. 'ಸರಿ, ಎಣಿಸಿ. ಎರಡೂ ಕಡೆ.' ಎಡಗಡೆ ಆರು. ಬಲಗಡೆಯದನ್ನು ಅವನು ಎರಡು ಸಲ ಎಣಿಸಿದ, ಮೂರನೆಯ ಸಲ ಪ್ರತಿಯೊಂದನ್ನೂ ಉಗುರಿನಿಂದ ಮುಟ್ಟಿ ಎಣಿಸಿದ. ಏಳು. ಏಳನೆಯದು ಉಳಿದವಕ್ಕಿಂತ ಸ್ವಲ್ಪ ಹೊಸದು, ಅಂಚನ್ನು ಯಾರೋ ಮುತುವರ್ಜಿಯಿಂದ ಅರದಿಂದ ಉಜ್ಜಿ ಉಳಿದವುಗಳ ಜೊತೆ ಹೊಂದಿಸಿದ್ದರು. ಮೋಸ ಮಾಡುವವರು ಅಂಚು ಉಜ್ಜುತ್ತಾರೆಯೇ ಎಂದು ಅವನಿಗೆ ಅಲ್ಲಿ, ಎಣ್ಣೆ ವಾಸನೆಯ ಕತ್ತಲಲ್ಲಿ, ಅನಿಸಿತು. ಹೊರಗೆ ಬಂದು ಹೇಳಿದಾಗ ಬಾಮೈದನಿಗೆ ಅಂಥ ಅನುಮಾನವೇನೂ ಬರಲಿಲ್ಲ.

'ಒಂದು ಕಡೆ ಎಕ್ಸ್‌ಟ್ರಾ ಪ್ಲೇಟ್ ಹಾಕಿ ನಿಮಗೆ ಕಟ್ಟಿದ್ದಾರೆ. ಎಲ್ಲೋ ಅಡಿಯ ಕಬ್ಬಿಣದ ಚೌಕಟ್ಟು, ಚಾಸಿಸ್, ಬಗ್ಗಿರುತ್ತೆ, ಅದನ್ನ ಮುಚ್ಚೋಕೆ. ಹೋಗ್ಲಿ ಬಿಡಿ, ಕೆಳಗೆ ನುಗ್ಗಿ ನೋಡೋದು ನಿಮಗೆ ತಿಳೀಲಿಲ್ಲ ಅಂತಲೇ ಇಟ್ಕೊಳ್ಳೋಣ. ಎದುರಿಗೆ ನಿಂತು ನೋಡಿದ್ರೂ ಕಾಣ್ತಿತ್ತಲ್ಲ ಭಾವ, ನಿಮ್ಮ ಕಣ್ಣಿಗೆ?'

ನಿಮ್ಮ ಕಣ್ಣಿಗೆ ಎಂಬ ಮಾತನ್ನು ಅವನು ವ್ಯಂಗ್ಯವಾಗಿ ಹೇಳಲಿಲ್ಲ, ಅದೇ ಕಷ್ಟವಾದದ್ದು. ನಿಜವಾಗಿಯೂ ಆಶ್ಚರ್ಯಪಟ್ಟು ಹೇಳಿದ. ಆ ಕಣ್ಣಿನ ಮೇಲೆ ಬಾಮೈದನಿಗೂ ನಂಬಿಕೆ ಇತ್ತೆಂಬುದು ಅದು ಹೋದ ಮೇಲೆ ಗೊತ್ತಾಯಿತು. ಚೌಕಟ್ಟಿನವನು ಬಕೆಟ್ಟಿನ ಮೇಲೆ ಮತ್ತೆ ಕೂತ. ಅಂಗೈಯ ಗ್ರೀಸನ್ನು ನೋಡುತ್ತ, 'ಕಣ್ಣು ಹೋಗಿದೆ' ಎಂದ. 'ನಂಗೆ ಅವತ್ತು ನೆಟ್ಟಗೆ ಕಾಣಿಸ್ತು. ಡಾಕ್ಟರಮ್ಮನ ಹಡಗಿನ ಚಿತ್ರಾನೂ ನೆಟ್ಟಗೇ ಕಾಣಿಸಿತ್ತು. ಕಣ್ಣು ಹೋಗಿದೆ. ನಾಳೆ ಕನ್ನಡಿ ಕೆಲಸ ಬೇರೆ ಯಾರಿಗಾದ್ರೂ ಹೇಳ್ಬಿಡ್ತೀನಿ.' ಎರಡು ವಾರದಿಂದ ಒಳಗಿಟ್ಟುಕೊಂಡಿದ್ದ ಮಾತು ಬೀದಿಯಲ್ಲಿ, ಬಕೆಟ್ಟಿನ ಮೇಲೆ, ಅಜ್ಜಿಯ ಎದುರಿಗೆ ಹೊರಬಿದ್ದಿತ್ತು. ಬಾಮೈದನ ಪಾದ ಕೂಡ ಬ್ರೇಕು ಒತ್ತುವುದನ್ನು ನಿಲ್ಲಿಸಿತು.

ಹೆಂಡತಿ ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು. 'ನೀವು ಗಾಡಿ ನೋಡೋವಾಗ ಅವರು ಎಲ್ಲಿದ್ರು?'

'ಯಾರು?'

'ಐಸಿನವರು.'

'ಸೀಟಲ್ಲಿ ಕೂತಿದ್ರು.'

'ಇಳೀಲೇ ಇಲ್ವಾ?'

'ನಾನು ಒಪ್ಪಿಕೊಂಡ ಮೇಲೆ ಇಳಿದ್ರು. ಮಂಡಿನೋವಂತೆ. ನಾನು ಆಗ ಕಾಗದಕ್ಕೆ ಸಹಿ ಹಾಕೋದಕ್ಕೆ ಒಳಗೆ ಹೋಗ್ತಿದ್ದೆ. ಬಂದವನೇ ಹತ್ತಿ ಓಡಿಸ್ಕೊಂಡು ಬಂದೆ.'

'ಎಷ್ಟು ದಪ್ಪ ಅವರು?'

ಚೌಕಟ್ಟಿನವನು ಕೈಯಗಲಿಸಿ ತೋರಿಸಲು ಹೋದ; ಕೈ ಸಾಲದೆ ಸುತ್ತಲೂ ನೋಡಿದ; ನೋಟ ಹೋಗಿ ಬಾಮೈದನ ಮೇಲೆ ನಿಂತಿತು. ಹೆಂಡತಿಯ ನೋಟವೂ ಅಲ್ಲೇ ನಿಂತಿತು. ಎದುರುಮನೆಯ ಅಜ್ಜಿಯೂ ಜಗುಲಿಯಿಂದ ಬಗ್ಗಿ ಅವನನ್ನೇ ನೋಡಿದರು.

'ಏನು?' ಎಂದ ಬಾಮೈದ.

'ಹತ್ತು' ಎಂದಳು ಅಕ್ಕ.

ಅವನು ಬಾಗಿಲು ತೆರೆದು, ಹಿಡಿಕೆ ಹಿಡಿದು, ಒಂದು ಕಾಲಿಟ್ಟು, ಇನ್ನೊಂದು ಕಾಲೆತ್ತಿ ಡ್ರೈವರ್ ಸೀಟಿನ ಮೇಲೆ ಕೂತ. ಗಾಡಿ ನಿಟ್ಟುಸಿರು ಬಿಟ್ಟಿತು. ಕಬ್ಬಿಣದ ಪಟ್ಟಿಗಳು ಒಂದರ ಮೇಲೊಂದು ಜಾರಿ ಕಿರ್ರೆಂದವು, ಬಲಗಡೆ ನಿಧಾನವಾಗಿ ಇಳಿಯಿತು, ಇಳಿದು ನಿಂತಿತು. ಚೌಕಟ್ಟಿನವನು ಹತ್ತು ಹೆಜ್ಜೆ ಹಿಂದೆ ಸರಿದ. ಎಡಗಣ್ಣು ಮುಚ್ಚಿದ. ನೆಟ್ಟಗಿತ್ತು. ಐಸ್ ಕಾರ್ಖಾನೆಯ ಅಂಗಳದಲ್ಲಿ ಕಂಡಷ್ಟೇ ನೆಟ್ಟಗೆ, ಒಂದು ಅಕ್ಕಿಕಾಳಿನಷ್ಟೂ ಆಚೀಚೆ ಇಲ್ಲದೆ, ಗಾಡಿ ನಿಂತಿತ್ತು. ಅವನು ಓಡಿ ಅಳತೆಪಟ್ಟಿ ಹಿಡಿದ, ಎರಡೂ ಕಡೆ ಒಂದೇ ಅಳತೆ. 'ಇಳಿ' ಎಂದ. ಓರೆ. 'ಹತ್ತು.' ನೆಟ್ಟಗೆ. 'ಇಳಿ!' 'ಭಾವ, ನಾನೇನು ತಕ್ಕಡಿ ಕಲ್ಲಾ?' ಎಂದು ಬಾಮೈದ ಏದುಸಿರು ಬಿಟ್ಟ. ಚೌಕಟ್ಟಿನವನಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು, ಗ್ರೀಸಿನ ಕೈಯಿಂದಲೇ ಒರೆಸಿಕೊಂಡ. ಕಣ್ಣು ಇತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ಅವನಿಗೆ ಇಡೀ ಬೀದಿಯನ್ನು, ಅದರ ಚರಂಡಿ ಸಮೇತ, ಅಪ್ಪಿಕೊಳ್ಳಬೇಕೆನಿಸಿತು.

ಐಸಿನ ಸಾಹುಕಾರರಿಗೆ ಫೋನು ಮಾಡಿದ್ದು ಬಾಮೈದ. ಜಗಳಕ್ಕೆ ತಯಾರಾಗಿಯೇ ಸ್ಪೀಕರ್ ಹಾಕಿದ. 'ಎಡಗಡೆ ಆರು ಪ್ಲೇಟ್, ಬಲಗಡೆ ಏಳು!' ಎಂದ. 'ಏಳಾ?' ಎಂದರು ಆ ಕಡೆಯಿಂದ. 'ನಂಗೆ ಗೊತ್ತೇ ಇಲ್ಲಪ್ಪ. ಹದಿನಾಲ್ಕು ವರ್ಷ ಒಂದೇ ಗ್ಯಾರೇಜಿಗೆ ಬಿಡ್ತಿದ್ದೆ. ಒಂದು ವರ್ಷ ಗಾಡಿ ನನ್ನ ಕಡೆ ವಾಲುತ್ತೆ ಅಂದಿದ್ದೆ. ಸರಿಮಾಡಿದೀನಿ ಸಾಹುಕಾರ್ರೇ ಅಂದ ಗ್ಯಾರೇಜಿನವನು, ಸರಿಯಾಗಿತ್ತು. ನಿಮ್ಮ ತೂಕಕ್ಕೆ ಹೀಗೆ ಮಾಡಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ ನೋಡಿ ಮಹರಾಯ. ನಿಂತಿದ್ದಾಗ ಹೆಂಗಿರುತ್ತೆ ಅಂತ ನಾನೂ ನೋಡಲಿಲ್ಲ. ಗಾಡಿಯಿಂದ ಇಳಿದವನಿಗೆ ಮಂಡಿ ನೋಡ್ಕೊಳ್ಳೋದೇ ಆಗಿತ್ತು.' ಅವರು ನಕ್ಕರು, ಆಮೇಲೆ ಮೂಗು ಒರೆಸಿದ ಸದ್ದು ಕೇಳಿಸಿತು. 'ಅವನೂ ಹೋಗಿಬಿಟ್ಟ, ಪಾಪ.' ಬಾಮೈದ ಜಗಳವನ್ನು ಎಲ್ಲಿಡುವುದೆಂದು ತಿಳಿಯದೆ ಫೋನನ್ನು ಜೇಬಿಗಿಟ್ಟ. ಹೆಂಡತಿ ಯಾಕೋ ಥಟ್ಟನೆ ತಿರುಗಿ ಒಳಗೆ ಹೋದಳು. ಯಂತ್ರದ ಸದ್ದು ಎಂದಿಗಿಂತ ಜೋರಾಗಿ ಕೇಳತೊಡಗಿತು. ಸುಳ್ಳು ಹೇಳಿದ್ದಕ್ಕೆ ಕೋಪ ಎಂದು ಚೌಕಟ್ಟಿನವನು ತಿಳಿದುಕೊಂಡ.

ಏಳನೆಯ ಪ್ಲೇಟು ತೆಗೆಸಲು ಭಾನುವಾರ ಯಾವ ಗ್ಯಾರೇಜೂ ತೆರೆದಿರಲಿಲ್ಲ. ಸೋಮವಾರ ಬೆಳಿಗ್ಗೆ ಕನ್ನಡಿ ಹೊರಡಲೇಬೇಕು, ಓರೆ ಗಾಡಿಯ ಮೇಲೆ ನಿಲ್ಲಿಸಿದರೆ ಮೊದಲ ತಿರುವಿನಲ್ಲೇ ಅದು ಒಂದು ಮಗ್ಗುಲಿಗೆ ಭಾರ ಹಾಕಿ ಚೂರಾಗುತ್ತದೆ. ಇದನ್ನೆಲ್ಲ ಬಾಮೈದನಿಗೆ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ. 'ಎಷ್ಟು ಗಂಟೆಗೆ ಬರ್ಲಿ ಭಾವ?' ಎಂದ ಅವನೇ. ಹಾಗೆ ಚೌಕಟ್ಟಿನವನು ತನ್ನ ಗಾಡಿಯಲ್ಲಿ ತಾನೇ ಎಡಗಡೆಯ ಸೀಟಿನಲ್ಲಿ ಕೂತು, ಬಾಮೈದ ಸ್ಟೇರಿಂಗ್ ಹಿಡಿದು, ಹಿಂದೆ ಕಂಬಳಿ ಹೊದ್ದ ಕನ್ನಡಿ ನಿಂತು, ಮೂವರೂ ನೆಟ್ಟಗೆ ನೃತ್ಯಶಾಲೆಗೆ ಹೋದರು. ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಿದ್ದವನು ಈ ಸಲ ಚೌಕಟ್ಟಿನವನು.

ನೃತ್ಯಶಾಲೆಯ ಹಾಲ್ ಮರದ ನೆಲದ್ದು, ಖಾಲಿ, ಉಸಿರಾಡಿದರೂ ಪ್ರತಿಧ್ವನಿ ಬರುವಂಥದು. ನೃತ್ಯದ ಟೀಚರು ತೆಳ್ಳಗಿನ ಹೆಂಗಸು, ಮಾತಾಡದೆ ನಿಂತಿದ್ದರೂ ಯಾರನ್ನೋ ತಿದ್ದುತ್ತಿರುವಂತೆ ಕಾಣುತ್ತಿದ್ದರು. 'ನೆಟ್ಟಗೆ ಬರ್ಬೇಕು' ಎಂದರು ಬಂದ ಕೂಡಲೇ. ಚೌಕಟ್ಟಿನವನು ಅಂಗಿ ಕಳಚಿ ಮೂಲೆಯ ಕುರ್ಚಿಗೆ ಹಾಕಿ, ಬನಿಯನ್ನಿನಲ್ಲೇ ಕೆಲಸಕ್ಕಿಳಿದ. ಗಾಜಿನ ಕೆಲಸಕ್ಕೆ ತೋಳು ಸಿಕ್ಕಿಕೊಳ್ಳಬಾರದು. ಗೋಡೆಗೆ ಹಿಡಿಕೆಗಳನ್ನು ಬಡಿದು, ಇಬ್ಬರೂ ಕನ್ನಡಿ ಎತ್ತಿದರು. ಎತ್ತುವಾಗ ಬಾಮೈದ ಒಂದೇ ಒಂದು ಸಲಹೆಯನ್ನೂ ಕೊಡಲಿಲ್ಲ. ಕೂರಿಸಿದ ಮೇಲೆ ಚೌಕಟ್ಟಿನವನು ಹಿಂದೆ ಸರಿದ. ಹತ್ತು ಹೆಜ್ಜೆ. ಎಡಗಣ್ಣು ಮುಚ್ಚಿದ. ಕನ್ನಡಿಯ ಮೇಲಿನ ಅಂಚು, ಸೂರಿನ ಅಂಚು, ನೆಲದ ಹಲಗೆಯ ಗೆರೆ. ಬಲಗಡೆ ಒಂದು ಅಕ್ಕಿಕಾಳು. ಹೋಗಿ ತಿರುಪು ಅರ್ಧ ಸುತ್ತು ತಿರುಗಿಸಿ ಬಂದ. ಮತ್ತೆ ನೋಡಿದ. ಸರಿ.

ಟೀಚರು ಅವನ ಪಕ್ಕಕ್ಕೆ ಬಂದು ನಿಂತು, ತಲೆ ಒಂದಿಷ್ಟು ವಾಲಿಸಿ, 'ಎಡಗಡೆ ಸ್ವಲ್ಪ ಇಳಿದ ಹಾಗಿದೆ ಅಲ್ವಾ?' ಎಂದರು.

ಬಾಯಿ ತೆರೆದುಕೊಂಡಿತು. ನಾಲಿಗೆಯ ತುದಿಯಲ್ಲಿ 'ಹೌದು ಹೌದು' ಬಂದು ಕೂತಿತ್ತು. ಮೂವತ್ತು ವರ್ಷದಿಂದ ಎಷ್ಟೋ ಮನೆಗಳಲ್ಲಿ ಅದು ಹೀಗೇ ಬಂದು ಕೂತಿದೆ. ಬಾಮೈದ ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದ.

'ಇಲ್ಲ' ಎಂದ ಚೌಕಟ್ಟಿನವನು. 'ಸರಿಯಾಗಿದೆ.'

ತನ್ನ ದನಿ ಆ ಖಾಲಿ ಹಾಲಿನಲ್ಲಿ ಎರಡು ಸಲ ಕೇಳಿಸಿದ್ದರಿಂದ ಅವನಿಗೆ ಸ್ವಲ್ಪ ಗಾಬರಿಯೂ ಆಯಿತು. ಟೀಚರು ಕನ್ನಡಿಯ ಹತ್ತಿರ ಹೋಗಿ ಅಂಚಿನುದ್ದಕ್ಕೂ ನೋಡಿದರು, ತಿರುಗಿ ಬಂದರು, ಕನ್ನಡಿಯೊಳಗಿನ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖ ಅರಳಿತು. 'ಹೌದು, ಕನ್ನಡಿ ಸರಿಯಾಗಿದೆ. ಇಳಿದಿರೋದು ನಿಮ್ಮ ಎಡ ಭುಜ. ಅದನ್ನ ನೋಡಿ ನಂಗೆ ಕನ್ನಡಿನೇ ಓರೆ ಅನ್ನಿಸ್ತು. ಬರೋವಾಗ ನೆಟ್ಟಗಿದ್ರಲ್ಲ ನೀವು?'

ಅವನು ಮೊದಲ ಬಾರಿ ಅಂಚನ್ನು ಬಿಟ್ಟು ಕನ್ನಡಿಯೊಳಗೆ ನೋಡಿದ. ಅಂಗಡಿ ತುಂಬ ಕನ್ನಡಿ ಮಾರಿದವನ ಮನೆಯಲ್ಲಿ ಇದ್ದದ್ದು ಮುಖ ಕಾಣುವಷ್ಟು ದೊಡ್ಡದೊಂದೇ. ಈಗ ಎದುರಿಗೆ ಬನಿಯನ್ನಿನಲ್ಲಿ ನಿಂತಿದ್ದ ಸಣಕಲು ಮನುಷ್ಯನ ಎಡ ಭುಜ ಬಲದ್ದಕ್ಕಿಂತ ಎರಡು ಬೆರಳು ಕೆಳಗಿತ್ತು. ಗಾಜನ್ನು ಯಾವಾಗಲೂ ಎಡಗೈಯಲ್ಲೇ ಹಿಡಿದು ನಡೆದದ್ದು, ಮೂವತ್ತು ವರ್ಷ. ಬರುವಾಗ ನೆಟ್ಟಗಿದ್ದೆನೇ? ಅವನು ಕುರ್ಚಿಗೆ ಹೋಗಿ ಅಂಗಿ ತೊಟ್ಟು, ಗುಂಡಿ ಹಾಕಿ, ಮತ್ತೆ ಕನ್ನಡಿಯೆದುರು ಬಂದು ನಿಂತ. ನೆಟ್ಟಗಿದ್ದ. ಕಳಚಿದ. ಓರೆ. ತೊಟ್ಟ. ನೆಟ್ಟಗೆ. ಟೀಚರು ಅವನಿಗೇನಾಯಿತೋ ಎಂದು ಅನುಮಾನಪಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಅವನು ಅಂಗಿಯ ಎಡ ಭುಜದೊಳಗೆ ಬೆರಳು ತೂರಿಸಿದ. ಹೊಲಿಗೆಯ ದಪ್ಪ ಎಂದು ಇಷ್ಟು ವರ್ಷ ಅಂದುಕೊಂಡಿದ್ದ ಜಾಗದಲ್ಲಿ ಬಟ್ಟೆಯ ಪದರಗಳು, ಒಂದರ ಮೇಲೊಂದು, ಚಿಕ್ಕ ಚಿಕ್ಕ ಹೊಲಿಗೆ ಹಾಕಿ, ಅಂಚು ಕಾಣದ ಹಾಗೆ ತೆಳ್ಳಗೆ ಸವರಿ ಕೂರಿಸಿದ್ದವು. ಬಲಗಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಮನೆಯ ಪೆಟ್ಟಿಗೆಯ ಅಂಗಿಗಳನ್ನು ಒಂದೊಂದಾಗಿ ನೆನೆದುಕೊಂಡ, ನೀಲಿಯದು, ಬೂದಿಬಣ್ಣದ್ದು, ಮದುವೆ ಸಮಾರಂಭಗಳಿಗೆ ಹಾಕುವ ಬಿಳಿಯದು. ಅಂಗಿಗೊಂದರಂತೆ ಅವಳು ಇದನ್ನು ಹೊಲಿಯುತ್ತ ಬಂದಿದ್ದಳು, ಭುಜ ಇಳಿದಂತೆಲ್ಲ ಬಹುಶಃ ಒಂದೊಂದು ಪದರ ಸೇರಿಸುತ್ತ, ಒಂದು ದಿನವೂ ಬಾಯಿಬಿಡದೆ. ರೆಡಿಮೇಡ್ ಅಂಗಿ ದಿಂಬಿನ ಗವಸಾದದ್ದು ಯಾಕೆಂದು ಈಗ ಗೊತ್ತಾಯಿತು.

ಬಾಮೈದ ಬಂದು ಅವನ ಭುಜವನ್ನು ಒತ್ತಿ ನೋಡಿ, ಮೆಕ್ಯಾನಿಕ್ಕಿನ ಗಾಂಭೀರ್ಯದಿಂದ, 'ಅಕ್ಕ ಹಾಕಿರೋ ಪ್ಲೇಟು, ಭಾವ' ಎಂದ. 'ಎಣಿಸಿದ್ರಾ?'

'ಎಣಿಸಲ್ಲ' ಎಂದ ಚೌಕಟ್ಟಿನವನು.

ಹೊರಗೆ ಬಂದಾಗ ಗಾಡಿ ಎಡಕ್ಕೆ ವಾಲಿಕೊಂಡು ಅವರಿಗಾಗಿ ಕಾಯುತ್ತಿತ್ತು. ಬಾಮೈದ ಹತ್ತಿದ, ಅದು ನೆಟ್ಟಗಾಯಿತು. 'ಗ್ಯಾರೇಜಿಗೆ ಬಿಡೋಣ್ವಾ, ಪ್ಲೇಟ್ ತೆಗೆಸೋಕೆ?' ಎಂದು ಕೇಳಿದ.

'ಅದು ಇರಲಿ ಬಿಡು. ದೊಡ್ಡ ಗಾಜು ಇದ್ದಾಗ ನಿನ್ನನ್ನ ಕರೀತೀನಿ' ಎಂದ ಚೌಕಟ್ಟಿನವನು. ಪಕ್ಕದ ಸೀಟಿಗೆ ಹತ್ತಿ ಕೂತು, 'ಬುಧವಾರ ನಿನ್ನನ್ನ ಕೇಳಿರಲೇ ಇಲ್ಲ. ಬಿಡುವಿಲ್ಲವಂತೆ ಅಂತ ಸುಳ್ಳು ಹೇಳಿದೆ ಅವಳಿಗೆ' ಎಂದ.

'ಗೊತ್ತು, ಭಾವ.'

'ಮೊದಲು ಹಲ್ಲಿನ ಡಾಕ್ಟರಮ್ಮನ ಹತ್ರ ನಿಲ್ಲಿಸು. ಒಂದು ಹಡಗು ಸರಿಮಾಡೋದಿದೆ. ಆಮೇಲೆ ಮನೆ.' ಮನೆಗೆ ಹೋಗಿ ಅವಳಿಗೆ ಏನು ಹೇಳುವುದೆಂದು ಅವನು ದಾರಿಯುದ್ದಕ್ಕೂ ಯೋಚಿಸಿದ, ಕೊನೆಗೆ ಏನೂ ಹೇಳಬಾರದೆಂದು ತೀರ್ಮಾನಿಸಿದ; ಅಂಗಿಗೆ ಗ್ರೀಸ್ ತಾಗಿದೆ, ಹೊಸದೊಂದು ಹೊಲಿದುಕೊಡು ಎಂದಷ್ಟೇ ಕೇಳಬೇಕು.